ಮಾಡೆಲ್ ವಿಮಾನದ ಇಂಧನ ಟ್ಯಾಂಕ್: ಕೊಳವೆ, ಕ್ಲಂಕ್, ವೆಂಟ್ ಜೋಡಿಸುವ ಬಗೆ

ನೆಲದ ಮೇಲೆ ಚೆನ್ನಾಗಿಯೇ ಓಡುವ ಎಂಜಿನ್ ಮೇಲೇರುವಾಗ ಉಸಿರುಗಟ್ಟಿ ನಿಂತರೆ ಹೆಚ್ಚಿನವರ ಕೈ ಮೊದಲು ಹೋಗುವುದು ಇಂಧನದ ಪ್ರಮಾಣ ಹೊಂದಿಸುವ ತಿರುಪು, ಅಂದರೆ ನೀಡಲ್ ವಾಲ್ವ್ ಕಡೆಗೆ. ಎರಡು ಕ್ಲಿಕ್ ಆಚೆ, ಮೂರು ಕ್ಲಿಕ್ ಈಚೆ ತಿರುಗಿಸುತ್ತಾ ಅರ್ಧ ದಿನ ಕಳೆದುಹೋಗುತ್ತದೆ. ತಪ್ಪು ಇರುವುದು ಬಹುತೇಕ ಅದರ ಹಿಂದೆ, ಎಂಜಿನ್ ಕೂರಿಸುವ ಹಲಗೆಯಾದ ಫೈರ್‌ವಾಲ್ ಆಚೆ ಫೋಮ್ ಸುತ್ತಿ ಕೂರಿಸಿದ ಟ್ಯಾಂಕಿನಲ್ಲಿ. ಇಂಧನ ಹೋಗಬೇಕಾದ ದಾರಿಯಲ್ಲಿ ಗಾಳಿ ನುಗ್ಗುತ್ತಿರುತ್ತದೆ, ಇಲ್ಲವೇ ಟ್ಯಾಂಕಿಗೆ ಗಾಳಿ ಬರಬೇಕಾದ ದಾರಿ ಮುಚ್ಚಿರುತ್ತದೆ. ಆದ್ದರಿಂದ ನೀಡಲ್ ಮುಟ್ಟುವ ಮುನ್ನ ಟ್ಯಾಂಕ್ ಸರಿಯಿದೆ ಎಂದು ಖಾತ್ರಿಯಾಗಬೇಕು.

ಇಲ್ಲಿ ಹೇಳುವುದು ಹೆಚ್ಚಾಗಿ 40ರಿಂದ 46 ಸೈಜಿನ (0.40–0.46 ಘನ ಅಂಗುಲದ) ಟು-ಸ್ಟ್ರೋಕ್ ಗ್ಲೋ ಎಂಜಿನ್, ಅಂದರೆ ಮೆಥನಾಲ್ ಇಂಧನದ ಎಂಜಿನ್ ಕೂರಿಸಿದ ಹೈ-ವಿಂಗ್ ಟ್ರೇನರ್‌ಗೆ (ರೆಕ್ಕೆ ಮೇಲಿರುವ ಕಲಿಕೆಯ ವಿಮಾನಕ್ಕೆ) ಅನ್ವಯ. ಪೆಟ್ರೋಲ್ ಎಂಜಿನ್‌ಗೆ ಬದಲಾಗುವ ಸಂಗತಿಗಳು ಕೊನೆಯಲ್ಲಿವೆ. ಸ್ವಂತ ಪಂಪ್ ಇರುವ ಗ್ಲೋ ಎಂಜಿನ್‌ಗಳ ಲೆಕ್ಕ ಬೇರೆ, ಅವಕ್ಕೆ ಕಂಪನಿಯ ಮ್ಯಾನ್ಯುಯಲ್ ಹೇಳಿದಂತೆಯೇ ನಡೆಯಬೇಕು.

ಬೇಕಾಗುವ ಸಾಮಾನು

46 ಎಂಜಿನ್ ಫುಲ್ ಥ್ರಾಟಲ್‌ನಲ್ಲಿ ನಿಮಿಷಕ್ಕೆ ಸುಮಾರು 25–30 ಮಿ.ಲೀ. ಇಂಧನ ಕುಡಿಯುತ್ತದೆ. 300 ಮಿ.ಲೀ. ಟ್ಯಾಂಕ್ ಹಾಕಿದರೆ, ಥ್ರಾಟಲ್ ಏರಿಳಿಸುತ್ತಾ ಹಾರಿಸುವವರಿಗೆ 12 ನಿಮಿಷ ಧಾರಾಳವಾಗಿ ಸಿಗುತ್ತದೆ. 25 ಸೈಜಿಗೆ 180 ಮಿ.ಲೀ., 60 ಸೈಜಿಗೆ 350–400 ಮಿ.ಲೀ. ಸಾಕು. ಇನ್ನೂ ದೊಡ್ಡದಿದ್ದರೆ ಒಳ್ಳೆಯದು ಎಂದು 46ಕ್ಕೆ 500 ಮಿ.ಲೀ. ಟ್ಯಾಂಕ್ ತುರುಕುವವರಿದ್ದಾರೆ. ತುಂಬಿದಾಗ ಮೂಗು ಭಾರ, ಖಾಲಿಯಾದಾಗ ಬಾಲ ಭಾರ, ಜೊತೆಗೆ ಇಂಧನದ ಮಟ್ಟ ಇಳಿದಂತೆ ಮಿಕ್ಸ್ಚರ್ (ಗಾಳಿ–ಇಂಧನದ ಬೆರಕೆ) ಬದಲಾಗುವುದೂ ಹೆಚ್ಚು.

ಟ್ಯಾಂಕ್ ಕೊಂಡಾಗ ಜೊತೆಗೆ ಬರುವುದು: ರಬ್ಬರ್ ಸ್ಟಾಪರ್, ಅದರ ಎರಡೂ ಬದಿಗೆ ಒಂದೊಂದು ಬಿಲ್ಲೆ, ನಡುವೆ ಹಾಯುವ ಸ್ಕ್ರೂ, 3.2 ಮಿ.ಮೀ. ಹೊರ ವ್ಯಾಸದ ಹಿತ್ತಾಳೆ ಅಥವಾ ಅಲ್ಯೂಮಿನಿಯಂ ಕೊಳವೆಗಳು, ಭಾರದ ಕ್ಲಂಕ್ (ಟ್ಯಾಂಕಿನೊಳಗೆ ಟ್ಯೂಬಿನ ತುದಿಯಲ್ಲಿ ತೂಗುತ್ತಾ ಇಂಧನ ಎಳೆಯುವ ತೂತಿನ ತೂಕ), ಒಂದು ತುಂಡು ಸಿಲಿಕೋನ್ ಟ್ಯೂಬ್. ಹೊರಗಿನ ಜೋಡಣೆಗೆ 2.4 ಮಿ.ಮೀ. ಒಳ ವ್ಯಾಸದ ಸಿಲಿಕೋನ್ ಟ್ಯೂಬ್ ಅರ್ಧ ಮೀಟರ್ ಬೇಕು. ಎರಡು ಬಣ್ಣದ್ದು ಸಿಕ್ಕರೆ ಇನ್ನೂ ಒಳ್ಳೆಯದು. ಕಾರ್ಬುರೇಟರ್‌ಗೆ ಒಂದು ಬಣ್ಣ, ಮಫ್ಲರ್‌ಗೆ (ಎಂಜಿನ್‌ನ ಸೈಲೆನ್ಸರ್‌ಗೆ) ಇನ್ನೊಂದು ಎಂದು ಗೊತ್ತುಮಾಡಿಕೊಂಡರೆ ಫೀಲ್ಡಿನಲ್ಲಿ ಅವಸರದಲ್ಲಿ ಅದಲುಬದಲಾಗುವುದಿಲ್ಲ. ಕೊಳವೆ ಕತ್ತರಿಸಲು ಚಿಕ್ಕ ಟ್ಯೂಬ್ ಕಟರ್, ಇಲ್ಲವಾದರೆ ಚಾಕುವಿನ ಅಂಚಿನಡಿ ಉರುಳಿಸಿ ಗೀರಿ ಮುರಿಯಬಹುದು. ಕಟಿಂಗ್ ಪ್ಲೇಯರ್ ಮಾತ್ರ ಬೇಡ, ತುದಿ ಚಪ್ಪಟೆಯಾಗಿ ದಾರಿ ಅರ್ಧಕ್ಕರ್ಧ ಮುಚ್ಚಿಹೋಗುತ್ತದೆ.

ಎರಡು ಲೈನೋ, ಮೂರೋ

ಎರಡು ಲೈನ್ ವ್ಯವಸ್ಥೆಯಲ್ಲಿ ಒಂದು ಕೊಳವೆ ಕ್ಲಂಕ್‌ನಿಂದ ಕಾರ್ಬುರೇಟರ್‌ಗೆ, ಇನ್ನೊಂದು ಟ್ಯಾಂಕಿನ ನೆತ್ತಿಯಿಂದ ಮಫ್ಲರ್‌ನ ಪ್ರೆಶರ್ ನಿಪ್ಪಲ್‌ಗೆ. ಹಾರುವಾಗ ಮಫ್ಲರ್‌ನ ಒತ್ತಡ ಈ ಎರಡನೆಯ ಲೈನಿನಲ್ಲಿ ಬಂದು ಇಂಧನವನ್ನು ಮುಂದಕ್ಕೆ ತಳ್ಳುತ್ತದೆ. ತುಂಬುವಾಗ ಅದೇ ಲೈನ್ ಗಾಳಿ ಹೊರಹೋಗುವ ವೆಂಟ್ ಆಗುತ್ತದೆ. ಮೂರು ಲೈನ್ ವ್ಯವಸ್ಥೆಯಲ್ಲಿ ತುಂಬಲೆಂದೇ ಪ್ರತ್ಯೇಕ ಕೊಳವೆ ಇದ್ದು, ಹಾರುವಾಗ ಅದರ ಬಾಯಿಗೆ ಬಿರಡೆ ಹಾಕಿರುತ್ತಾರೆ.

ಕೌಲ್ (ಎಂಜಿನ್ ಮುಚ್ಚುವ ಹೊದಿಕೆ) ಇಲ್ಲದ ಟ್ರೇನರ್‌ಗೆ ಎರಡೇ ಲೈನ್ ಸಾಕು ಎಂಬುದು ನಮ್ಮ ಅಭಿಪ್ರಾಯ. ಕಾರ್ಬುರೇಟರ್ ಕೈಗೆ ಸಿಗುವಾಗ ಟ್ಯೂಬ್ ಕಳಚಿ ತುಂಬುವುದು ಅರ್ಧ ನಿಮಿಷದ ಕೆಲಸ. ಮೂರನೆಯ ಲೈನ್ ಎಂದರೆ ಸ್ಟಾಪರ್‌ನಲ್ಲಿ ಇನ್ನೊಂದು ತೂತು, ಸೋರಲು ಇನ್ನೊಂದು ಜಾಗ, ಮರೆಯಲು ಇನ್ನೊಂದು ಬಿರಡೆ. ಆ ಬಿರಡೆ ಸಡಿಲವಾದರೆ ಮಫ್ಲರ್ ಒತ್ತಡವೆಲ್ಲ ಅಲ್ಲಿಂದಲೇ ಹೊರಟುಹೋಗಿ ಎಂಜಿನ್ ಲೀನ್ ಆಗುತ್ತದೆ, ಅಂದರೆ ಅದಕ್ಕೆ ಇಂಧನ ಸಾಲುವುದಿಲ್ಲ. ಕೌಲ್ ಒಳಗೆ ಎಂಜಿನ್ ಮುಚ್ಚಿಹೋಗಿದ್ದರೆ ಮಾತ್ರ ಬೇರೆ ದಾರಿಯಿಲ್ಲ, ಮೂರು ಹಾಕಲೇಬೇಕು.

ಸ್ಟಾಪರ್ ಮತ್ತು ಕೊಳವೆಗಳು

ಕೊಳವೆ ಕತ್ತರಿಸಿದ ಮೇಲೆ ತುದಿಯ ಹೊರ ಅಂಚನ್ನು ಸಣ್ಣ ಮರಳು ಕಾಗದದಿಂದ, ಒಳ ಅಂಚನ್ನು ಚೂಪಾದ ಚಾಕುವಿನ ತುದಿಯಿಂದ ನಯ ಮಾಡಿ. ಬೆರಳು ಸವರಿದರೆ ಎಲ್ಲೂ ಗೀರಬಾರದು. ಇದು ಎರಡು ನಿಮಿಷದ ಕೆಲಸವಾದರೂ ಬಿಟ್ಟವರೇ ಹೆಚ್ಚು. ಹರಿತ ಅಂಚು ಸಿಲಿಕೋನ್ ಟ್ಯೂಬನ್ನು ಒಳಗಿನಿಂದ ಕೊಯ್ಯುತ್ತದೆ. ಕೊಯ್ತ ಸೂಜಿಮೊನೆಯಷ್ಟೇ ಇರುತ್ತದೆ, ಬರಿಗಣ್ಣಿಗೆ ಕಾಣುವುದೇ ಇಲ್ಲ. ನಯ ಮಾಡಿದ ಮೇಲೆ ಕೊಳವೆಯೊಳಗೆ ನೀರು ಹಾಯಿಸಿ ಪುಡಿ ತೆಗೆಯಿರಿ. ಒಂದು ಚೂರು ಹಿತ್ತಾಳೆ ಪುಡಿ ಸ್ಪ್ರೇಬಾರ್ (ಕಾರ್ಬುರೇಟರ್ ಒಳಗೆ ಇಂಧನ ಬಿಡುವ ಸಣ್ಣ ಕೊಳವೆ) ಮುಚ್ಚಲು ಸಾಕು.

ಕಾರ್ಬುರೇಟರ್‌ಗೆ ಹೋಗುವ ಫೀಡ್ ಕೊಳವೆ ನೇರ. ಸ್ಟಾಪರ್‌ನಿಂದ ಒಳಕ್ಕೂ ಹೊರಕ್ಕೂ ಸುಮಾರು 12–15 ಮಿ.ಮೀ. ಚಾಚಿದ್ದರೆ ಸಾಕು. ವೆಂಟ್ ಕೊಳವೆ ಮಾತ್ರ ಒಳಗೆ ಮೇಲಕ್ಕೆ ಬಾಗಬೇಕು. ಹಿತ್ತಾಳೆ ಕೊಳವೆಯನ್ನು ಹಾಗೇ ಬಗ್ಗಿಸಿದರೆ ಮೂಲೆಯಲ್ಲಿ ಚಪ್ಪಟೆಯಾಗುತ್ತದೆ. ಬಾಗುವ ಜಾಗವನ್ನು ಗ್ಯಾಸ್ ಉರಿಯಲ್ಲಿ ಮಂದ ಕೆಂಪಾಗುವವರೆಗೆ ಕಾಯಿಸಿ ಆರಲು ಬಿಡಿ. ಆಮೇಲೆ 10 ಮಿ.ಮೀ. ದಪ್ಪದ ಗುಂಡು ಸರಳಿನ ಸುತ್ತ ಬೆರಳಿನಿಂದಲೇ ನಿಧಾನವಾಗಿ ಬಾಗಿಸಬಹುದು. ಕಾಯಿಸಿದ ಹಿತ್ತಾಳೆ ಮೆತ್ತಗಾಗುತ್ತದೆ, ಮುದುರುವುದಿಲ್ಲ. ಅಲ್ಯೂಮಿನಿಯಂ ಆದರೆ ಕಾಯಿಸಲು ಹೋಗಬೇಡಿ. ಅದು ಕೆಂಪಾಗದೆಯೇ ಕರಗಿಬಿಡುತ್ತದೆ. ತಣ್ಣಗಿರುವಾಗಲೇ ಬಾಗಿಸಿ.

ವೆಂಟ್ ತುದಿ ಟ್ಯಾಂಕಿನ ನೆತ್ತಿಗೆ 2 ಮಿ.ಮೀ. ಹತ್ತಿರ ಇರಬೇಕು, ಆದರೆ ತಾಗಬಾರದು. ತುದಿಯನ್ನು 45 ಡಿಗ್ರಿ ಓರೆಯಾಗಿ ಕತ್ತರಿಸಿದರೆ ಅಕಸ್ಮಾತ್ ತಾಗಿದರೂ ಬಾಯಿ ಮುಚ್ಚಿಹೋಗುವುದಿಲ್ಲ. ಕೆಲವು ಟ್ಯಾಂಕುಗಳಲ್ಲಿ ನೆತ್ತಿಯ ಮೇಲೆ ಚಿಕ್ಕ ಉಬ್ಬು ಇರುತ್ತದೆ, ವೆಂಟ್ ತುದಿ ಅದರೊಳಗೆ ಬರಬೇಕು. ತುದಿ ಕೆಳಗಿದ್ದಷ್ಟೂ ಟ್ಯಾಂಕ್ ಕಡಿಮೆ ತುಂಬುತ್ತದೆ.

ಕೊಳವೆಗಳನ್ನು ಸ್ಟಾಪರ್‌ಗೆ ತಳ್ಳುವಾಗ ಒಂದು ಹನಿ ಹರಳೆಣ್ಣೆ ಹಚ್ಚಿ. ಗ್ಲೋ ಇಂಧನದಲ್ಲಿ ಬಳಸುವ ಎಣ್ಣೆಗಳಲ್ಲಿ ಹರಳೆಣ್ಣೆಯೂ ಒಂದಾದ್ದರಿಂದ ತೊಂದರೆಯಿಲ್ಲ. ಚಿಕ್ಕ ಬಿಲ್ಲೆ ಒಳಗೆ, ದೊಡ್ಡದು ಹೊರಗೆ. ಸ್ಟಾಪರ್ ಕೂರಿಸುವಾಗ ವೆಂಟ್ ಮೇಲ್ಮುಖವಾಗಿದೆಯೇ ನೋಡಿಕೊಂಡು, ಟ್ಯಾಂಕಿನ ಮೇಲೆ ಮಾರ್ಕರ್‌ನಿಂದ ಮೇಲ್ಭಾಗ ಯಾವುದೆಂದು ಬರೆದುಬಿಡಿ. ಸ್ಕ್ರೂ ತಿರುಗಿಸಿದಂತೆ ರಬ್ಬರ್ ಅಗಲಕ್ಕೆ ಉಬ್ಬಿ ಕುತ್ತಿಗೆಯನ್ನು ಹಿಡಿಯುತ್ತದೆ. ಸ್ಟಾಪರನ್ನು ಕೈಯಲ್ಲಿ ತಿರುಗಿಸಲು ಬಾರದಷ್ಟು ಬಿಗಿಯಾದರೆ ನಿಲ್ಲಿಸಿ. ಇನ್ನೂ ಬಿಗಿ ಮಾಡಿದರೆ ಪ್ಲಾಸ್ಟಿಕ್ ಕುತ್ತಿಗೆ ಉದ್ದಕ್ಕೆ ಸೀಳುತ್ತದೆ. ಆ ಸೀಳು ಮೊದಲ ದಿನ ಕಾಣುವುದಿಲ್ಲ, ತಿಂಗಳ ನಂತರ ಟ್ಯಾಂಕ್ ಗೂಡಿನಲ್ಲಿ ಎಣ್ಣೆ ಜಿನುಗಿದಾಗ ಗೊತ್ತಾಗುತ್ತದೆ.

ಕ್ಲಂಕ್‌ನ ಅಳತೆ

ವಿಮಾನ ಯಾವ ಕಡೆ ವಾಲಿದರೂ ಇಂಧನ ಎಲ್ಲಿ ಸೇರುತ್ತದೋ ಅಲ್ಲಿಗೇ ಕ್ಲಂಕ್ ಬೀಳಬೇಕು. ಅದಕ್ಕೆ ಒಳಗಿನ ಸಿಲಿಕೋನ್ ಟ್ಯೂಬಿನ ಉದ್ದ ಕರಾರುವಾಕ್ಕಾಗಿರಬೇಕು. ಟ್ಯಾಂಕಿನ ಬಾಯಿ ಮೇಲೆ ಮಾಡಿ ಹಿಡಿದಾಗ ಕ್ಲಂಕ್ ತಳ ಮುಟ್ಟದೆ 6–8 ಮಿ.ಮೀ. ಮೇಲೆ ತೂಗಬೇಕು. ಉದ್ದ ಹೆಚ್ಚಾದರೆ ಹಿಂಗೋಡೆಗೆ ಒರಗಿ ಸಿಕ್ಕಿಕೊಳ್ಳುತ್ತದೆ, ತಲೆಕೆಳಗೆ ಹಾರುವಾಗ ಆಚೆ ಬದಿಗೆ ಬೀಳುವುದಿಲ್ಲ. ಕಡಿಮೆಯಾದರೆ ಕೊನೆಯ 40–50 ಮಿ.ಲೀ. ಇಂಧನ ಹಿಂದೆಯೇ ಉಳಿದು ಮೇಲೇರುವಾಗ ಎಂಜಿನ್ ನಿಲ್ಲುತ್ತದೆ.

ಪರೀಕ್ಷೆ ಸುಲಭ. ಟ್ಯಾಂಕನ್ನು ಅಡ್ಡ ಹಿಡಿದು ನಿಧಾನವಾಗಿ ಉರುಳಿಸಿ. ಪ್ರತಿ ಅರ್ಧ ಸುತ್ತಿಗೂ ಕ್ಲಂಕ್ ಟಕ್ ಎಂದು ಗೋಡೆಗೆ ಬೀಳುವ ಸದ್ದು ಕೇಳಬೇಕು. ಕೇಳದಿದ್ದರೆ ಟ್ಯೂಬ್ ಬಿರುಸಾಗಿದೆ ಅಥವಾ ಉದ್ದವಾಗಿದೆ.

ಇನ್ನೊಂದು ಅಪಾಯ ಮೂಗು ನೆಲಕ್ಕೆ ಕುಟ್ಟುವ ಲ್ಯಾಂಡಿಂಗ್‌ನಲ್ಲಿದೆ. ಕ್ಲಂಕ್ ಭಾರದ್ದು, ವಿಮಾನ ಗಕ್ಕನೆ ನಿಂತಾಗ ಅದು ಮುಂದಕ್ಕೆ ಹಾರಿ, ಟ್ಯೂಬ್ ಮಡಚಿಕೊಂಡು, ಟ್ಯಾಂಕಿನ ಮುಂಭಾಗದಲ್ಲೇ ಸಿಕ್ಕಿಕೊಳ್ಳುತ್ತದೆ. ಮುಂದಿನ ಹಾರಾಟದಲ್ಲಿ ನೆಲದ ಮೇಲೆ ಎಲ್ಲವೂ ಸರಿ, ಮಟ್ಟವಾಗಿ ಹಾರುವಾಗಲೂ ಸರಿ, ಮೂಗು ಎತ್ತಿದ ಕೂಡಲೇ ಇಂಧನ ಹಿಂದಕ್ಕೆ ಹೋಗಿ ಎಂಜಿನ್ ಸತ್ತೇಹೋಗುತ್ತದೆ. ಇದನ್ನು ತಡೆಯಲು ಟ್ಯೂಬಿನ ನಡುಭಾಗಕ್ಕೆ ಒಂದು ತುಂಡು ಹಿತ್ತಾಳೆ ಕೊಳವೆ ಸೇರಿಸುತ್ತಾರೆ. ಮುಂದೆ 25 ಮಿ.ಮೀ., ಹಿಂದೆ ಕ್ಲಂಕ್ ಬಳಿ 25 ಮಿ.ಮೀ. ಮಾತ್ರ ಮೆತ್ತನೆಯ ಟ್ಯೂಬ್, ಉಳಿದದ್ದು ಗಟ್ಟಿ. ಕ್ಲಂಕ್ ಬದಿಗೆ ಆಡುತ್ತದೆ, ಮುಂದಕ್ಕೆ ಮಡಚುವುದಿಲ್ಲ. ಈ ತುಂಡಿನ ಎರಡೂ ತುದಿಗಳನ್ನು ಮತ್ತೆ ನಯ ಮಾಡಬೇಕು ಎಂಬುದನ್ನು ಮರೆತರೆ ಮಾಡಿದ ಉಪಾಯವೇ ಟ್ಯೂಬಿಗೆ ತೂತು ಹಾಕುತ್ತದೆ.

ನೀರಿನಲ್ಲಿ ಮುಳುಗಿಸಿ ನೋಡುವುದು

ಬಾಯಿಂದ ಊದಿ ಪರೀಕ್ಷಿಸುವ ರೂಢಿ ಎಲ್ಲೆಡೆ ಇದೆ, ಬಿಡಬೇಕಾದ ರೂಢಿ. ಗ್ಲೋ ಇಂಧನದ ಮುಖ್ಯ ಭಾಗ ಮೆಥನಾಲ್. ಅದು ವಿಷ, ಕಣ್ಣಿನ ನರಕ್ಕೇ ಹೊಡೆತ. ಹಳೆಯ ಟ್ಯಾಂಕಿನಲ್ಲಿ ನಾಲ್ಕು ಹನಿ ಉಳಿದಿದ್ದರೂ ಬಾಯಿಗೆ ಬರಬಹುದು. 20 ಅಥವಾ 50 ಮಿ.ಲೀ. ಸಿರಿಂಜ್ ಮೆಡಿಕಲ್ ಶಾಪಿನಲ್ಲಿ ಕೆಲವೇ ರೂಪಾಯಿಗೆ ಸಿಗುತ್ತದೆ.

ಫೀಡ್ ಕೊಳವೆಗೆ ಬಿರಡೆ ಹಾಕಿ, ವೆಂಟ್‌ಗೆ ಸಿರಿಂಜ್ ಜೋಡಿಸಿ, ಟ್ಯಾಂಕನ್ನು ಬಕೆಟ್ ನೀರಿನಲ್ಲಿ ಪೂರ್ತಿ ಮುಳುಗಿಸಿ ಮೆತ್ತಗೆ ಒತ್ತಿ. ಕುತ್ತಿಗೆ, ಸ್ಕ್ರೂ ತಲೆ, ಕೊಳವೆ ಸ್ಟಾಪರ್‌ನಿಂದ ಹೊರಬರುವ ಜಾಗ, ಟ್ಯಾಂಕಿನ ಅಚ್ಚಿನ ಗೆರೆ ಎಲ್ಲವನ್ನೂ ನೋಡಿ. ಒಂದು ನಿಮಿಷದಲ್ಲಿ ಒಂದು ಗುಳ್ಳೆ ಬಂದರೂ ಅದು ಸೋರಿಕೆಯೇ.

ಈ ಪರೀಕ್ಷೆಯಲ್ಲಿ ಸಿಗದೇ ಉಳಿಯುವುದು ಒಳಗಿನ ಕ್ಲಂಕ್ ಟ್ಯೂಬಿನ ತೂತು. ಅದು ಟ್ಯಾಂಕಿನ ಒಳಗೇ ಇರುವುದರಿಂದ ಹೊರಗೆ ಗುಳ್ಳೆ ಬರುವುದಿಲ್ಲ. ಸ್ಟಾಪರನ್ನು ಹೊರತೆಗೆದು, ಕ್ಲಂಕ್‌ನ ಬಾಯಿ ಬೆರಳಿನಿಂದ ಮುಚ್ಚಿ, ಫೀಡ್ ಕೊಳವೆಯಿಂದ ಸಿರಿಂಜ್ ಒತ್ತಿ, ಆ ಟ್ಯೂಬನ್ನಷ್ಟೇ ನೀರಿನಲ್ಲಿ ಹಿಡಿದು ನೋಡಬೇಕು. ಕೊಳವೆಯ ಅಂಚು ತಾಗುವ ಜಾಗಗಳಲ್ಲಿ ಟ್ಯೂಬನ್ನು ಸ್ವಲ್ಪ ಬಗ್ಗಿಸಿ ನೋಡಿ, ಬಗ್ಗಿದಾಗ ಮಾತ್ರ ಬಾಯಿ ತೆರೆಯುವ ಸೀಳುಗಳಿರುತ್ತವೆ. ಪರೀಕ್ಷೆಯಾದ ಮೇಲೆ ಎಲ್ಲವನ್ನೂ ಪೂರ್ತಿ ಒಣಗಿಸಿ. ಮೆಥನಾಲ್ ನೀರನ್ನು ಸಲೀಸಾಗಿ ಹೀರಿಕೊಳ್ಳುತ್ತದೆ.

ವಿಮಾನದೊಳಗೆ ಕೂರಿಸುವುದು

ಟ್ಯಾಂಕಿನ ನಡುಗೆರೆ ಕಾರ್ಬುರೇಟರ್‌ನ ಸ್ಪ್ರೇಬಾರ್ ಎತ್ತರಕ್ಕೆ ಸಮವಾಗಿರಬೇಕು, ಅಥವಾ ಅದಕ್ಕಿಂತ 5–10 ಮಿ.ಮೀ. ಕೆಳಗೆ. ಟ್ಯಾಂಕ್ ಮೇಲಿದ್ದರೆ ನಿಲ್ಲಿಸಿದ ವಿಮಾನದಲ್ಲಿ ಇಂಧನ ತಾನೇ ಹರಿದು ಎಂಜಿನ್ ತುಂಬುತ್ತದೆ. ತುಂಬಾ ಕೆಳಗಿದ್ದರೆ ಮಟ್ಟ ಇಳಿದಂತೆ ಎಂಜಿನ್ ಲೀನ್ ಆಗುತ್ತಾ ಹೋಗುತ್ತದೆ. ಎಂಜಿನ್ ತಲೆಕೆಳಗಾಗಿ ಕೂರಿಸಿದ ವಿಮಾನಗಳಲ್ಲಿ ಕಾರ್ಬುರೇಟರ್ ಕೆಳಗೆ ಬರುತ್ತದೆ, ಟ್ಯಾಂಕ್ ಜಾಗ ಮಾತ್ರ ಪ್ಲಾನಿನಲ್ಲಿದ್ದಲ್ಲೇ ಉಳಿಯುತ್ತದೆ. ಅಲ್ಲಿ ಸ್ಕೇಲ್ ಹಿಡಿದು ಅಳೆಯದೆ ಅಂಟು ಹಾಕಬೇಡಿ.

ಮುಂದಕ್ಕೂ ಅಷ್ಟೆ, ಫೈರ್‌ವಾಲ್‌ಗೆ ಆದಷ್ಟು ಹತ್ತಿರ ಇರಲಿ. ಮೂಗು ನೇರ ಮೇಲಕ್ಕೆತ್ತಿದಾಗ ಕ್ಲಂಕ್‌ನಿಂದ ಕಾರ್ಬುರೇಟರ್‌ವರೆಗಿನ ಪೂರ್ತಿ ದೂರ ಇಂಧನವನ್ನು ಎತ್ತಬೇಕಾಗುತ್ತದೆ. ಮಫ್ಲರ್ ಒತ್ತಡ ದೊಡ್ಡದೇನಲ್ಲ.

ಟ್ಯಾಂಕಿನ ಸುತ್ತ 6 ಮಿ.ಮೀ. ಮೆತ್ತನೆಯ ಫೋಮ್ ಸುತ್ತಿ, ಯಾವ ಕಡೆಯೂ ಮರಕ್ಕೆ ನೇರ ತಾಗದಂತೆ ಕೂರಿಸಿ. ಎಂಜಿನ್‌ನ ಕಂಪನ ನೇರ ತಲುಪಿದರೆ ಇಂಧನ ಮಜ್ಜಿಗೆ ಕಡೆದಂತೆ ನೊರೆಗಟ್ಟುತ್ತದೆ, ಕ್ಲಂಕ್ ನೊರೆಯನ್ನೇ ಎಳೆಯುತ್ತದೆ. ಫೋಮನ್ನು ಒತ್ತಿ ತುರುಕಿದರೆ ಅದೂ ಗಟ್ಟಿಯಾಗಿ ಹಾಕಿಲ್ಲದಂತೆಯೇ ಆಗುತ್ತದೆ. ಟ್ಯಾಂಕ್ ಗೂಡಿನ ಮರಕ್ಕೆ ಮೊದಲೇ ತೆಳು ಎಪಾಕ್ಸಿ ಬಳಿದಿರಿ. ಎಣ್ಣೆ ಕುಡಿದ ಬಾಲ್ಸಾ ಮೆತ್ತಗಾಗಿ ಅಂಟು ಬಿಡುತ್ತದೆ. ಬ್ಯಾಟರಿಯನ್ನು ಟ್ಯಾಂಕಿನ ಅಡಿಯಲ್ಲೇ ಇಡುವ ವಿನ್ಯಾಸವಿದ್ದರೆ ಪ್ಲಾಸ್ಟಿಕ್ ಚೀಲ ಸುತ್ತಿ. ಫೈರ್‌ವಾಲ್ ತೂತಿನ ಅಂಚಿಗೆ ಟ್ಯೂಬ್ ಉಜ್ಜದಂತೆ ರಬ್ಬರ್ ಗ್ರೋಮೆಟ್ ಹಾಕಿ, ಮಫ್ಲರ್ ಲೈನ್ ಬಿಸಿ ಲೋಹಕ್ಕೆ ತಾಗದಂತೆ ಸುತ್ತಿ ತನ್ನಿ, ಎಲ್ಲೂ ಚೂಪು ಮಡಿಕೆ ಬೀಳದಿರಲಿ.

ಫಿಲ್ಟರ್ ವಿಷಯದಲ್ಲಿ ವಾದ ಮುಗಿಯುವುದಿಲ್ಲ. ಎರಡು ತುಂಡಾಗಿ ತಿರುಪಿ ಜೋಡಿಸುವ ಫಿಲ್ಟರ್ ಸಡಿಲವಾದರೆ ಗಾಳಿ ಎಳೆಯುತ್ತದೆ, ಕಸವನ್ನೂ ಅಲ್ಲೇ ಹಿಡಿದಿಟ್ಟು ದಾರಿ ಕಟ್ಟುತ್ತದೆ. ಕ್ಯಾನಿನಿಂದ ತುಂಬುವ ಪಂಪಿನ ಲೈನಿನಲ್ಲಿ ಫಿಲ್ಟರ್ ಇಟ್ಟು, ವಿಮಾನದ ಲೈನನ್ನು ಬರಿದಾಗಿ ಬಿಡುವುದು ಮೇಲು.

ತುಂಬುವ ಕ್ರಮ

ಎರಡು ಲೈನ್ ವ್ಯವಸ್ಥೆಯಲ್ಲಿ ಎರಡೂ ಟ್ಯೂಬ್ ಕಳಚಬೇಕು, ಕಾರ್ಬುರೇಟರ್‌ನಿಂದಲೂ ಮಫ್ಲರ್‌ನಿಂದಲೂ. ಕಾರ್ಬುರೇಟರ್ ಲೈನಿಗೆ ಪಂಪ್ ಹಾಕಿ, ಮಫ್ಲರ್ ಲೈನಿನಿಂದ ಇಂಧನ ಬರುವವರೆಗೆ ತುಂಬಿ. ಆಮೇಲೆ ಥ್ರಾಟಲ್ ಮುಚ್ಚಿ ಕಾರ್ಬುರೇಟರ್ ಲೈನನ್ನು ಮೊದಲು ಹಾಕಿ. ಅದು ಟ್ಯಾಂಕಿಗಿಂತ ಕೆಳಗೆ ಜೋತುಬಿದ್ದರೆ ಸೈಫನ್ ಆಗಿ ಟ್ಯಾಂಕ್ ಖಾಲಿಯಾಗುತ್ತದೆ.

ಮಫ್ಲರ್ ಲೈನ್ ಕಳಚದೆ ತುಂಬಿದರೆ ಹೆಚ್ಚಾದ ಇಂಧನ ಮಫ್ಲರ್‌ಗೆ ಹೋಗಿ, ಎಕ್ಸಾಸ್ಟ್ ಪೋರ್ಟ್ ತೆರೆದಿದ್ದರೆ ಸಿಲಿಂಡರ್ ಒಳಗೇ ಇಳಿಯುತ್ತದೆ. ದ್ರವ ಕುಗ್ಗುವುದಿಲ್ಲ. ಆ ಸ್ಥಿತಿಯಲ್ಲಿ ಎಲೆಕ್ಟ್ರಿಕ್ ಸ್ಟಾರ್ಟರ್ ಒತ್ತಿದರೆ ಕನೆಕ್ಟಿಂಗ್ ರಾಡ್ ಬಾಗುತ್ತದೆ. ಪ್ರೊಪೆಲರ್ ಕೈಯಲ್ಲಿ ತಿರುಗಿಸುವಾಗ ಕಲ್ಲಿನಂತೆ ನಿಂತರೆ ಬಲ ಹಾಕಬೇಡಿ. ಗ್ಲೋ ಪ್ಲಗ್ ಬಿಚ್ಚಿ, ವಿಮಾನ ತಲೆಕೆಳಗೆ ಮಾಡಿ, ಪ್ರೊಪೆಲರ್ ತಿರುಗಿಸಿ ಇಂಧನ ಹೊರಹಾಕಿ. ತುಂಬಿದ ಟ್ಯಾಂಕ್ ಜೊತೆ ವಿಮಾನವನ್ನು ಮೂಗು ಕೆಳಗಾಗಿ ನಿಲ್ಲಿಸಿದರೂ ಇದೇ ಗತಿ.

ಲಕ್ಷಣದಿಂದ ಕಾರಣಕ್ಕೆ

ಟ್ಯಾಂಕ್ ತುಂಬಿರುವಾಗ ಚೆನ್ನಾಗಿ ಓಡಿ, ಅರ್ಧ ಖಾಲಿಯಾದ ಮೇಲೆ ಒಮ್ಮೆಲೇ ಲೀನ್ ಆದರೆ ಮೊದಲ ಅನುಮಾನ ಒಳಗಿನ ಟ್ಯೂಬಿನ ತೂತಿನ ಮೇಲೆ. ಇಂಧನದಲ್ಲಿ ಮುಳುಗಿರುವವರೆಗೆ ತೂತು ತೊಂದರೆ ಕೊಡುವುದಿಲ್ಲ, ಮಟ್ಟ ಅದರ ಕೆಳಗಿಳಿದಾಗ ಗಾಳಿ ಎಳೆಯಲು ಶುರು. ನೀಡಲ್ ತೆರೆದು ಇದನ್ನು ಸರಿಪಡಿಸಲು ಹೊರಟವರಿಗೆ ಮುಂದಿನ ಬಾರಿ ಟ್ಯಾಂಕ್ ತುಂಬಿದಾಗ ಎಂಜಿನ್ ಅತಿ ರಿಚ್ ಆಗಿ (ಇಂಧನ ಹೆಚ್ಚಾಗಿ) ಹೊಗೆ ಉಗುಳುತ್ತದೆ.

ಕಾರ್ಬುರೇಟರ್ ಲೈನಿನಲ್ಲಿ ಗುಳ್ಳೆಗಳ ಸಾಲು ಐಡಲ್‌ನಲ್ಲೂ ಕಂಡರೆ ಎಲ್ಲೋ ತೂತಿದೆ. ಹೆಚ್ಚು ಆರ್‌ಪಿಎಂನಲ್ಲಿ ಮಾತ್ರ ಸಣ್ಣ ನೊರೆಗುಳ್ಳೆ ಬಂದರೆ ಕಂಪನ, ಫೋಮ್ ನೋಡಿ, ಪ್ರೊಪೆಲರ್ ಬ್ಯಾಲೆನ್ಸ್ ಕೂಡ ನೋಡಿ. ಹಾರಾಟದ ನಡುವೆ ಸದ್ದು ಏಕಾಏಕಿ ಕೀರಲಾಗಿ ಎಂಜಿನ್ ನಿಂತರೆ ಮಫ್ಲರ್ ಲೈನ್ ಕಳಚಿರಬಹುದು. ತಲೆಕೆಳಗೆ ಹಾರುವಾಗ ಮಾತ್ರ ನಿಂತರೆ ಕ್ಲಂಕ್ ಸಿಕ್ಕಿಕೊಂಡಿದೆ.

ಇವೆಲ್ಲ ಸರಿಯಿದ್ದ ಮೇಲೆ ನೀಡಲ್ ಸರದಿ. ಫುಲ್ ಥ್ರಾಟಲ್‌ನಲ್ಲಿ ಗರಿಷ್ಠ ಆರ್‌ಪಿಎಂ ಕಂಡುಕೊಂಡು, ಸುಮಾರು 300 ಆರ್‌ಪಿಎಂ ಇಳಿಯುವಷ್ಟು ರಿಚ್ ಕಡೆಗೆ ತೆರೆಯಿರಿ. ಸಹಾಯಕರೊಬ್ಬರು ಪ್ರೊಪೆಲರ್‌ನ ಹಿಂದೆ ನಿಂತು ವಿಮಾನವನ್ನು ಭದ್ರವಾಗಿ ಹಿಡಿದು ಮೂಗು ನೇರ ಮೇಲಕ್ಕೆತ್ತಲಿ. ಆರ್‌ಪಿಎಂ ಕೊಂಚ ಏರಿ ನಿಂತರೆ ಸರಿ. ಹತ್ತು ಸೆಕೆಂಡಿನೊಳಗೆ ಕುಸಿದರೆ ಇನ್ನೂ ಲೀನ್ ಇದೆ.

ಕಂಟ್ರೋಲ್ ಲೈನ್ (ತಂತಿ ಹಿಡಿದು ತಮ್ಮ ಸುತ್ತ ಸುತ್ತಿಸುವ) ವಿಮಾನ ಹಾರಿಸುವವರಿಗೆ ಒಂದು ಮಾತು. ಅಲ್ಲಿ ವಿಮಾನ ಸದಾ ವೃತ್ತದಲ್ಲೇ ಸುತ್ತುವುದರಿಂದ ಇಂಧನ ಹೊರಬದಿಗೆ ಒತ್ತಿಕೊಂಡಿರುತ್ತದೆ, ಫೀಡ್ ಕೊಳವೆ ಹೊರಬದಿಯ ಹಿಂಮೂಲೆಯಲ್ಲೇ ಇರುತ್ತದೆ. ಗಾಳಿಯ ಕೊಳವೆಯ ಒಳತುದಿಯನ್ನೂ ಅದರ ಪಕ್ಕಕ್ಕೇ ತಂದರೆ ಯೂನಿಫ್ಲೋ ಟ್ಯಾಂಕ್ ಆಯಿತು. ಗಾಳಿ ಒಳಬರುವ ಜಾಗವೂ ಇಂಧನ ಹೊರಹೋಗುವ ಜಾಗವೂ ಒಂದೇ ಮಟ್ಟದಲ್ಲಿರುವುದರಿಂದ ಟ್ಯಾಂಕ್ ಖಾಲಿಯಾಗುತ್ತಾ ಬಂದರೂ ಮಿಕ್ಸ್ಚರ್ ಅಷ್ಟಾಗಿ ಬದಲಾಗುವುದಿಲ್ಲ.

ಪೆಟ್ರೋಲ್ ಎಂಜಿನ್ ಆದರೆ

ಮೊದಲ ನಿಯಮ: ಸಿಲಿಕೋನ್ ಬೇಡವೇ ಬೇಡ. ಪೆಟ್ರೋಲ್‌ನಲ್ಲಿ ಅದು ಊದಿಕೊಂಡು ಮೆತ್ತಗಾಗಿ ಕೊಳವೆಯಿಂದ ಜಾರುತ್ತದೆ. ಒಳಗೂ ಹೊರಗೂ ಟೈಗಾನ್, ನಿಯೋಪ್ರೀನ್ ಅಥವಾ ವೈಟಾನ್ ಟ್ಯೂಬ್, ಜೊತೆಗೆ ಪೆಟ್ರೋಲ್‌ಗೆಂದೇ ಮಾಡಿದ ಸ್ಟಾಪರ್. ಹಿತ್ತಾಳೆ ಕೊಳವೆಯ ತುದಿಗೆ ತೆಳು ತಾಮ್ರದ ತಂತಿಯ ಒಂದು ಸುತ್ತು ಬೆಸುಗೆ ಹಾಕಿ ಉಬ್ಬು ಮಾಡಿ, ಟ್ಯೂಬ್ ಏರಿಸಿದ ಮೇಲೆ ಉಬ್ಬಿನ ಹಿಂದೆ ಚಿಕ್ಕ ಜಿಪ್ ಟೈ ಬಿಗಿಯಿರಿ. ಕ್ಲಂಕ್ ಫೆಲ್ಟ್‌ನದಾದರೆ ಕಸವನ್ನೂ ತಡೆಯುತ್ತದೆ, ಕ್ಷಣಕಾಲ ಇಂಧನದಿಂದ ಹೊರಬಂದರೂ ಒದ್ದೆಯಾಗಿಯೇ ಇದ್ದು ಗಾಳಿ ಎಳೆಯುವುದಿಲ್ಲ.

ವಾಲ್‌ಬ್ರೊ ಮಾದರಿಯ ಕಾರ್ಬುರೇಟರ್‌ನಲ್ಲಿ ಕ್ರ್ಯಾಂಕ್‌ಕೇಸ್ ಮಿಡಿತದಿಂದ ನಡೆಯುವ ಪಂಪ್ ಇರುವುದರಿಂದ ಮಫ್ಲರ್ ಒತ್ತಡ ಬೇಕಿಲ್ಲ. ಟ್ಯಾಂಕನ್ನು ರೆಕ್ಕೆಯ ಕೆಳಗೆ, ವಿಮಾನದ ಭಾರಕೇಂದ್ರದ ಬಳಿ ಇಡಬಹುದು, ಖಾಲಿಯಾದರೂ ಸಮತೋಲ ತಪ್ಪುವುದಿಲ್ಲ. ವೆಂಟ್ ಲೈನ್ ಹೊರಗಾಳಿಗೆ ತೆರೆದಿರುತ್ತದೆ. ಅದನ್ನು ಸ್ಟಾಪರ್‌ನಿಂದ ನೇರ ಕೆಳಗೆ ಬಿಡಬೇಡಿ. ಮೊದಲು ಟ್ಯಾಂಕಿನ ನೆತ್ತಿಗಿಂತ ಮೇಲೆ ಒಂದು ಸುತ್ತು ಒಯ್ದು, ಹಿಂದಕ್ಕೆ ಹಾಯಿಸಿ, ಆಮೇಲೆ ಹೊಟ್ಟೆಯ ಕೆಳಗೆ ಹೊರತನ್ನಿ. ಈ ಸುತ್ತು ಇಲ್ಲದಿದ್ದರೆ ತುಂಬಿದ ಕೂಡಲೇ ಸೈಫನ್ ಶುರುವಾಗಿ ಪೆಟ್ರೋಲ್ ನೆಲದ ಪಾಲು. ಹೊರತುದಿ ಎಕ್ಸಾಸ್ಟ್‌ನಿಂದ ದೂರವಿರಲಿ.

ಕಾರಿನಲ್ಲಿ ಸಾಗಿಸುವಾಗ ವಾಸನೆ ಬರದಂತೆ ವೆಂಟ್‌ಗೆ ಬಿರಡೆ ಹಾಕುವುದು ಸರಿಯೇ. ಅದನ್ನು ತೆಗೆಯದೆ ಹಾರಿಸಿದರೆ ಎರಡು–ಮೂರು ನಿಮಿಷದಲ್ಲಿ ಟ್ಯಾಂಕ್ ಒಳಕ್ಕೆ ಕುಗ್ಗಿ ಎಂಜಿನ್ ನಿಲ್ಲುತ್ತದೆ. ಬಿರಡೆಗೆ ಒಂದು ಗೇಣು ಕೆಂಪು ರಿಬ್ಬನ್ ಕಟ್ಟಿ, ಕಣ್ಣಿಗೆ ಹೊಡೆಯುವಂತೆ.

ಈಗ ಬಂಕುಗಳಲ್ಲಿ ಸಿಗುವುದು ಶೇ. 20 ಎಥನಾಲ್ ಬೆರೆಸಿದ ಪೆಟ್ರೋಲ್. ಎಥನಾಲ್ ತೇವ ಹೀರುತ್ತದೆ, ಟ್ಯೂಬ್ ಮತ್ತು ಕಾರ್ಬುರೇಟರ್‌ನ ಡಯಾಫ್ರಂಗೂ ಒಳ್ಳೆಯದಲ್ಲ. ದಿನದ ಕೊನೆಗೆ ಟ್ಯಾಂಕ್ ಬರಿದು ಮಾಡಿ, ಲೈನಿನಲ್ಲಿ ಉಳಿದದ್ದು ಮುಗಿಯುವವರೆಗೆ ಎಂಜಿನ್ ಐಡಲ್‌ನಲ್ಲಿ ಓಡಿಸಿ. ಹಳದಿ ಟೈಗಾನ್ ಕಾಲಕ್ರಮೇಣ ಬಿರುಸಾಗುತ್ತದೆ, ಅದರಲ್ಲೂ ಟ್ಯಾಂಕಿನೊಳಗಿನ ತುಂಡು. ಆರು ತಿಂಗಳಿಗೊಮ್ಮೆ ಟ್ಯಾಂಕ್ ಉರುಳಿಸಿ ಕ್ಲಂಕ್ ಬೀಳುವ ಸದ್ದನ್ನು ಮತ್ತೆ ಪರೀಕ್ಷಿಸಿ, ಆಮೇಲೆ ಸ್ಟಾಪರ್ ತೆಗೆದು ಟ್ಯೂಬ್ ನೋಡಿ. ಬಾಗಿದ ಟ್ಯೂಬ್ ಬಿಟ್ಟ ಮೇಲೂ ಬಾಗಿಯೇ ಉಳಿದರೆ ಬದಲಿಸಿ, ಹೊಸ ತುಂಡನ್ನು ಹಳೆಯದರ ಅಳತೆಗಲ್ಲದೆ ಟ್ಯಾಂಕಿನ ಅಳತೆಗೇ ಕತ್ತರಿಸಿ.